ಪೂರ್ತಿ ಇರುವ ಪ್ರತಿ: ಕ್ರೈಮ್, ಆ್ಯಕ್ಷನ್ ಸಿನಿಮಾಗಳ ಮನೆ ಸಂಗ್ರಹ ಕಟ್ಟುವ ಬಗೆ

ಕತ್ತರಿ ಮೊದಲು ಬೀಳುವುದು ಫೈಟಿನ ಮೇಲೆ. ‘ಎ’ ಸರ್ಟಿಫಿಕೇಟಿನ ಚಿತ್ರವನ್ನು ಟಿವಿಯಲ್ಲಿ ತೋರಿಸುವ ಹಾಗಿಲ್ಲ. ಅದನ್ನು ಇನ್ನೊಮ್ಮೆ ಸೆನ್ಸಾರಿಗೆ ಕಳಿಸಿ, ರಕ್ತ, ಬೈಗುಳ, ಮಚ್ಚು ಬೀಸುವ ಚೂರುಗಳನ್ನು ತೆಗೆಸಿ, ಕೆಳಗಿನ ದರ್ಜೆಯ ಸರ್ಟಿಫಿಕೇಟು ಪಡೆದ ಮೇಲೆಯೇ ಅದು ನಮ್ಮ ಪಡಸಾಲೆಗೆ ಬರುತ್ತದೆ. ಹಳೆಯ ಸ್ಕೋಪ್ ಚಿತ್ರವಾದರೆ ಇನ್ನೊಂದು ಪೆಟ್ಟು. ಅಗಲ ಪರದೆಯ ಚಿತ್ರವನ್ನು ಚೌಕ ಟಿವಿಗೆ ಹೊಂದಿಸಲು ಎರಡೂ ಅಂಚು ಕತ್ತರಿಸಿದರೆ ನೂರಕ್ಕೆ 43 ಭಾಗ ಹೋಗಿಬಿಡುತ್ತದೆ. ಎಡ ತುದಿಯಲ್ಲಿ ನಾಯಕ, ಬಲ ತುದಿಯಲ್ಲಿ ಖಳ ನಿಂತಿದ್ದರೆ ನಮಗೆ ಕಾಣುವುದು ನಡುವಿನ ಖಾಲಿ ಗೋಡೆ ಮತ್ತು ಎರಡು ಮೂಗು.

ಇಪ್ಪತ್ತು ವರ್ಷದಿಂದ ಇಂಥ ಸಿನಿಮಾಗಳನ್ನು ಕೂಡಿಹಾಕುತ್ತಿದ್ದೇನೆ. ಮೊದಮೊದಲು ಹೆಸರು ಕಂಡರೆ ಸಾಕು, ಕೊಂಡು ತರುತ್ತಿದ್ದೆ. ಮನೆಗೆ ಬಂದು ಹಾಕಿದರೆ ಅರ್ಧ ಚಿತ್ರ, ತಲೆ ಹೋದ ಫ್ರೇಮು, ಗುಂಡಿನ ಸದ್ದಿಗೆ ಡಬ್ಬ ಬಡಿದ ಹಾಗಿನ ಶಬ್ದ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ಅಜ್ಜಿ ಹೇಳುತ್ತಿದ್ದದ್ದು ಈ ಕೆಲಸಕ್ಕೆ ಸರಿಯಾಗಿ ಒಪ್ಪುತ್ತದೆ. ಹೊಸದಾಗಿ ಶುರು ಮಾಡುವವರು ನಾನು ಕಳೆದುಕೊಂಡ ದುಡ್ಡನ್ನೂ ವರ್ಷಗಳನ್ನೂ ಕಳೆದುಕೊಳ್ಳಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಒಂದು ಎಳೆ ಹಿಡಿಯಿರಿ

ಕ್ರೈಮ್, ಆ್ಯಕ್ಷನ್ ಎಂದರೆ ಸಮುದ್ರ. ‘ಒಳ್ಳೆಯದೆಲ್ಲ ಬೇಕು’ ಎಂದು ಹೊರಟವರ ಕಪಾಟಿನಲ್ಲಿ ಕೊನೆಗೆ ಸಿಕ್ಕಿದ್ದೆಲ್ಲ ತುಂಬಿರುತ್ತದೆ. ಮೊದಲ ವರ್ಷಕ್ಕೆ ಒಂದೇ ಎಳೆ, 15–20 ಚಿತ್ರ ಸಾಕು.

ಕನ್ನಡದಿಂದಲೇ ಶುರು ಮಾಡಿ ಎಂಬುದು ನನ್ನ ಸಲಹೆ. 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ ಮಾಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಆಗಿಸಿದರು. ಪುರಾಣ, ಭಕ್ತಿ ಪಾತ್ರಗಳಲ್ಲಿ ಜನ ಕೈಮುಗಿಯುತ್ತಿದ್ದ ನಟ ಸೂಟು ಹಾಕಿ ಪಿಸ್ತೂಲು ಹಿಡಿದ ಚಿತ್ರ ಅದು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಆಮೇಲೆ 1978ರಲ್ಲಿ ಬಣ್ಣದಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕೂ ಒಟ್ಟಿಗೆ ಕೂತರೆ ಸಂಗ್ರಹಕ್ಕೆ ಗಟ್ಟಿ ತಳಪಾಯ ಬೀಳುತ್ತದೆ.

ಎರಡನೆಯ ಗುಚ್ಛ ಶಂಕರ್‌ನಾಗ್ ಅವರದು. ಕಾರು ಕದಿಯುವವರ ಕತೆಯ ‘ಮಿಂಚಿನ ಓಟ’ (1980) ಅವರ ನಿರ್ದೇಶನದ ಮೊದಲ ಚಿತ್ರ. ‘ಆ್ಯಕ್ಸಿಡೆಂಟ್’ (1985) ಒಂದು ಅಪರಾಧವನ್ನು ಅಧಿಕಾರ ಹೇಗೆ ಮುಚ್ಚಿಹಾಕುತ್ತದೆ ಎಂದು ತೋರಿಸಿ ರಾಷ್ಟ್ರಪ್ರಶಸ್ತಿ ಪಡೆಯಿತು. ನಟರಾಗಿ ‘ಸಾಂಗ್ಲಿಯಾನ’ (1988), ‘ಸಿಬಿಐ ಶಂಕರ್’ (1989) ಇವೆ. ಇಲ್ಲಿಂದ ನಿರ್ದೇಶಕ ಸುನೀಲ್ ಕುಮಾರ್ ದೇಸಾಯಿ ಅವರ ಕಡೆ ತಿರುಗಲು ಶಂಕರ್‌ನಾಗ್ ಅಭಿನಯದ ‘ತರ್ಕ’ವೇ (1989) ಸೇತುವೆ. ಹಾಡೇ ಇಲ್ಲದ ಚಿತ್ರ. ‘ನಿಷ್ಕರ್ಷ’ದಲ್ಲೂ (1993) ಹಾಡಿಲ್ಲ. ಮಣಿಪಾಲದ ಒಂದು ಕಟ್ಟಡ, ಅದರೊಳಗೆ ಬ್ಯಾಂಕು, ದರೋಡೆಕೋರರು, ಒತ್ತೆಯಾಳುಗಳು, ವಿಷ್ಣುವರ್ಧನ್ ಮತ್ತು ಅನಂತ್‌ನಾಗ್. ಇಂಥ ಬಿಗಿ ಚಿತ್ರದಲ್ಲಿ ಐದು ನಿಮಿಷ ಕಾಣೆಯಾದರೂ ಯಾರು ಯಾವ ಮಹಡಿಯಲ್ಲಿದ್ದಾರೆ ಎಂಬ ಲೆಕ್ಕ ತಪ್ಪಿಹೋಗುತ್ತದೆ.

ಮೂರನೆಯದು ಬೆಂಗಳೂರಿನ ಭೂಗತ ಲೋಕ. ಉಪೇಂದ್ರ ನಿರ್ದೇಶಿಸಿದ, ಶಿವರಾಜ್‌ಕುಮಾರ್ ನಟಿಸಿದ ‘ಓಂ’ (1995) ಇಲ್ಲಿನ ಮೂಲಸ್ತಂಭ. ಮತ್ತೆ ಮತ್ತೆ ಥಿಯೇಟರಿಗೆ ಬರುತ್ತಲೇ ಇದ್ದುದರಿಂದ ಸುಮಾರು 20 ವರ್ಷ ಅದು ಟಿವಿಯ ಕಡೆ ಸುಳಿಯಲಿಲ್ಲ. ಅದರ ಪಕ್ಕದಲ್ಲಿ ‘ಜೋಗಿ’ (2005), ಸೂರಿ ಅವರ ‘ದುನಿಯಾ’ (2007), ಅಗ್ನಿ ಶ್ರೀಧರ್ ಅವರ ನೆನಪಿನ ಬರಹದಿಂದ ಹುಟ್ಟಿದ ‘ಆ ದಿನಗಳು’ (2007), ಮತ್ತೆ ಸೂರಿಯವರದೇ ‘ಟಗರು’ (2018). ಲಾಂಗು, ಮಚ್ಚು ಎಂದು ಮೂಗು ಮುರಿಯುವವರು ಈ ಐದನ್ನು ಸಾಲಾಗಿ ನೋಡಬೇಕು. ಹಳ್ಳಿಯಿಂದ ನಗರಕ್ಕೆ ಬಂದ ಹುಡುಗರಿಗೆ ಏನಾಗುತ್ತದೆ ಎಂಬ ನೋವು ಇವುಗಳಲ್ಲಿ ಇರುವಷ್ಟು ನಮ್ಮ ಗಂಭೀರ ಚಿತ್ರಗಳಲ್ಲೂ ಕಡಿಮೆ.

ಕರಾವಳಿಯ ಗುಚ್ಛ ಹೊಸದು, ನನಗೆ ತುಂಬಾ ಹತ್ತಿರದ್ದು. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಮಲ್ಪೆಯ ಒಂದು ಘಟನೆಯನ್ನು ಬೇರೆ ಬೇರೆಯವರ ಕಣ್ಣಿಂದ ಹೇಳುತ್ತದೆ. ಒಂದು ಅಧ್ಯಾಯ ಮೊಟಕಾದರೂ ಕತೆ ಕುಂಟುತ್ತದೆ. ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ (2021) ಮಂಗಳೂರಿನದು. ಅದರ ಹುಲಿವೇಷದ ಕುಣಿತಕ್ಕೆ ತಾಸೆಯ ಸದ್ದು ಎದೆಗೆ ತಾಕಬೇಕು. ಫೋನಿನ ಸ್ಪೀಕರಿನಲ್ಲಿ ಅದನ್ನು ನೋಡಿದವರು ಆ ದೃಶ್ಯವನ್ನು ಇನ್ನೂ ನೋಡಿಲ್ಲ ಎಂದೇ ನನ್ನ ಅಭಿಪ್ರಾಯ.

ಆಮೇಲೆ ಹೊರಗಿನ ಚಿತ್ರಗಳನ್ನು ಇವುಗಳ ಪಕ್ಕಕ್ಕೆ ಜೋಡಿಸುತ್ತ ಹೋಗಿ. ‘ನಿಷ್ಕರ್ಷ’ದ ಪಕ್ಕಕ್ಕೆ ಜೂಲ್ಸ್ ಡಾಸಿನ್ ಅವರ ಫ್ರೆಂಚ್ ಚಿತ್ರ ‘ರಿಫಿಫಿ’ (1955) ಇಡಿ. ಅದರಲ್ಲಿ ಕಳ್ಳತನದ ಸುಮಾರು ಅರ್ಧ ಗಂಟೆ ಮಾತೂ ಇಲ್ಲ, ಸಂಗೀತವೂ ಇಲ್ಲ. ಆ ಸಾಲಿಗೆ ಮೈಕೆಲ್ ಮನ್ ಅವರ ‘ಹೀಟ್’ (1995) ಸೇರಲಿ. ಹೊಡೆದಾಟಕ್ಕೆ ಜಾಕಿ ಚಾನ್ ಅವರ ‘ಪೊಲೀಸ್ ಸ್ಟೋರಿ’ (1985), ಜಾನ್ ವೂ ಅವರ ‘ಹಾರ್ಡ್ ಬಾಯ್ಲ್ಡ್’ (1992), ಇಂಡೊನೇಷ್ಯಾದ ‘ದಿ ರೇಡ್’ (2011). ಪತ್ತೇದಾರಿಗೆ ಕುರೊಸಾವಾ ಅವರ ‘ಹೈ ಆ್ಯಂಡ್ ಲೋ’ (1963).

ಎರಡನೆಯದು: ಯಾವ ರೂಪದಲ್ಲಿ ಕೊಳ್ಳಬೇಕು

ವಿಸಿಡಿಯ ಒಂದು ಫ್ರೇಮಿನಲ್ಲಿ ಸುಮಾರು 1 ಲಕ್ಷ ಚುಕ್ಕೆ (ಪಿಕ್ಸೆಲ್), ಡಿವಿಡಿಯಲ್ಲಿ 4 ಲಕ್ಷ, ಬ್ಲೂ-ರೇಯಲ್ಲಿ 20 ಲಕ್ಷ, 4ಕೆ ಡಿಸ್ಕಿನಲ್ಲಿ 83 ಲಕ್ಷ. ಕತ್ತಲ ಗಲ್ಲಿಯಲ್ಲಿ ನಡೆಯುವ ಹೊಡೆದಾಟಕ್ಕೆ ಈ ವ್ಯತ್ಯಾಸ ಜೀವ–ಮರಣದಷ್ಟು ದೊಡ್ಡದು. ಕೈಕಾಲು ವೇಗವಾಗಿ ಆಡಿದ ಕೂಡಲೇ ವಿಸಿಡಿಯ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಹಾಗೆಂದು ವಿಸಿಡಿಯನ್ನು ಬಿಸಾಡಬೇಡಿ. ಎಷ್ಟೋ ಹಳೆಯ ಕನ್ನಡ ಚಿತ್ರಗಳಿಗೆ ನಮ್ಮ ಕೈಗೆ ಎಟುಕುವ ಡಿಸ್ಕ್ ಎಂದರೆ ಅದೊಂದೇ. ಅಂಗಡಿಗಳು ಮುಚ್ಚಿದ ಮೇಲೆ ಅವು ಸಿಗುವುದು ಭಾನುವಾರದ ಸಂತೆಗಳಲ್ಲಿ, ಹಳೆ ಪುಸ್ತಕದಂಗಡಿಯ ಮೂಲೆಗಳಲ್ಲಿ, ಮುಚ್ಚಿಹೋದ ಸಿಡಿ ಲೈಬ್ರರಿಯವರ ಅಟ್ಟದ ಮೇಲೆ. ಆ ಅಟ್ಟವನ್ನು ಕೇಳಿ ನೋಡಿ. ನನ್ನ ಅರ್ಧ ಸಂಗ್ರಹ ಬಂದದ್ದು ಹಾಗೆಯೇ.

ಹೊರದೇಶದಿಂದ ತರಿಸುವಾಗ ಪ್ರದೇಶದ ಬೀಗ ನೋಡಿಕೊಳ್ಳಿ. ಒಂದು ಪ್ರದೇಶಕ್ಕೆಂದು ಮಾಡಿದ ಡಿಸ್ಕ್ ಬೇರೆ ಪ್ರದೇಶದ ಪ್ಲೇಯರಿನಲ್ಲಿ ಓಡದಂತೆ ಹಾಕಿದ ಸಂಖ್ಯೆಯೋ ಅಕ್ಷರವೋ ಅದು. ಡಿವಿಡಿಯಲ್ಲಿ ಅಮೆರಿಕ 1, ಬ್ರಿಟನ್ ಮತ್ತು ಜಪಾನ್ 2, ಹಾಂಗ್‌ಕಾಂಗ್ 3, ಭಾರತ 5. ಬ್ಲೂ-ರೇಯಲ್ಲಿ ಅಮೆರಿಕ, ಜಪಾನ್, ಹಾಂಗ್‌ಕಾಂಗ್ ‘ಎ’, ಯೂರೋಪು ‘ಬಿ’, ಭಾರತ ‘ಸಿ’. 4ಕೆ ಡಿಸ್ಕಿಗೆ ಮಾತ್ರ ಈ ರಗಳೆ ಇಲ್ಲ, ಎಲ್ಲಿಯದನ್ನು ಎಲ್ಲಿ ಬೇಕಾದರೂ ಹಾಕಬಹುದು. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ಪ್ರದೇಶವನ್ನು ಐದೇ ಸಲ ಬದಲಾಯಿಸಬಹುದು, ಆಮೇಲೆ ಕೊನೆಯದಕ್ಕೆ ಅಂಟಿಕೊಂಡುಬಿಡುತ್ತದೆ. ಅದಕ್ಕೇ ಎಲ್ಲ ಪ್ರದೇಶದ ಡಿಸ್ಕ್ ಓದುವ ಪ್ಲೇಯರ್ ಒಂದನ್ನು ಮೊದಲೇ ಕೊಳ್ಳಿ. ಅಮೆರಿಕದಲ್ಲಿರುವ ಕನ್ನಡಿಗರು ಊರಿನಿಂದ ಡಿವಿಡಿ ತರಿಸುವಾಗ ಕವರಿನ ಹಿಂದೆ ‘ಪಾಲ್’ ಎಂದಿದೆಯೋ ‘ಎನ್‌ಟಿಎಸ್‌ಸಿ’ ಎಂದಿದೆಯೋ ನೋಡಬೇಕು. ಇವು ಟಿವಿ ಚಿತ್ರದ ಎರಡು ಬೇರೆ ಪದ್ಧತಿಗಳು. ಅಲ್ಲಿನ ಎಷ್ಟೋ ಪ್ಲೇಯರುಗಳು ಪಾಲ್ ಡಿಸ್ಕನ್ನು ಹಿಡಿಯುವುದಿಲ್ಲ.

ಈಚಿನ ಕನ್ನಡ ಚಿತ್ರಗಳು ಡಿಸ್ಕಿನಲ್ಲಿ ಬರುವುದು ಅಪರೂಪ. ಅವಕ್ಕೆ ಆನ್‌ಲೈನ್ ಖರೀದಿ ಇಲ್ಲವೇ ಒಟಿಟಿಯೇ ಗತಿ. ಅಲ್ಲಿ ‘ಕೊಳ್ಳಿ’ ಎಂಬ ಗುಂಡಿ ಒತ್ತಿದರೂ ನಮಗೆ ಸಿಗುವುದು ನೋಡುವ ಪರವಾನಗಿ ಮಾತ್ರ. ಕರಾರು ಮುಗಿದರೆ ಚಿತ್ರ ಹೋಗಬಹುದು. ಒಟಿಟಿ ಚಿತ್ರಗಳನ್ನು ನಾನು ‘ನಮ್ಮಲ್ಲಿ ಇದೆ’ ಎಂದು ಪಟ್ಟಿಯಲ್ಲಿ ಬರೆಯುವುದಿಲ್ಲ, ‘ಇಂಥಲ್ಲಿ ನೋಡಿದೆ’ ಎಂದು ಬರೆಯುತ್ತೇನೆ.

ಟೆಲಿಗ್ರಾಮಿನಲ್ಲಿ ಹರಿದಾಡುವ ಪ್ರತಿಗಳ ಸಹವಾಸ ಬೇಡವೇ ಬೇಡ. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೊಗ್ರಾಫ್ ಕಾಯ್ದೆ ಚಿತ್ರಚೌರ್ಯಕ್ಕೆ 3 ತಿಂಗಳಿಂದ 3 ವರ್ಷ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ ಇಟ್ಟಿದೆ. ಕಾನೂನು ಇಲ್ಲದಿದ್ದರೂ ನನ್ನ ಮಾತು ಅದೇ ಆಗಿರುತ್ತಿತ್ತು. ಜಾರಿ ಬೀಳುತ್ತ, ಮೂಳೆ ಮುರಿದುಕೊಳ್ಳುತ್ತ ಒಂದು ಫೈಟು ಮಾಡಿದ ಸಾಹಸ ಕಲಾವಿದರ ದುಡಿಮೆ ಅದು.

ಮೂರನೆಯದು: ಪ್ರತಿ ಪೂರ್ತಿ ಇದೆಯೇ ಎಂದು ಅಳೆಯುವುದು

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವಷ್ಟು ಪುರುಸೊತ್ತು ನಿಮಗಿದ್ದರೆ ಇದನ್ನು ಓದಿ.

ಭಾರತೀಯ ಚಿತ್ರದ ಆರಂಭದಲ್ಲಿ ಸೆನ್ಸಾರ್ ಸರ್ಟಿಫಿಕೇಟು ಕೆಲವು ಸೆಕೆಂಡು ಕಾಣುತ್ತದೆ. ಅಲ್ಲಿ ನಿಲ್ಲಿಸಿ. ಹಳೆಯ ಚಿತ್ರವಾದರೆ ರೀಲುಗಳ ಸಂಖ್ಯೆ, ಉದ್ದ ಎಷ್ಟು ಮೀಟರ್ ಎಂದು ಬರೆದಿರುತ್ತದೆ. 35 ಎಂಎಂ ಫಿಲ್ಮು ಸೆಕೆಂಡಿಗೆ 24 ಫ್ರೇಮಿನಂತೆ ನಿಮಿಷಕ್ಕೆ 27.4 ಮೀಟರ್ ಓಡುತ್ತದೆ. ಮೀಟರನ್ನು 27.4ರಿಂದ ಭಾಗಿಸಿದರೆ ಚಿತ್ರದ ನಿಜವಾದ ಅವಧಿ ಸಿಗುತ್ತದೆ. ಅಡಿಯಲ್ಲಿ ಬರೆದಿದ್ದರೆ 90ರಿಂದ ಭಾಗಿಸಿ. 4,000 ಮೀಟರ್ ಎಂದಿದ್ದರೆ 146 ನಿಮಿಷ. ನಿಮ್ಮ ಡಿಸ್ಕ್ 118 ನಿಮಿಷಕ್ಕೆ ಮುಗಿದರೆ ಸುಮಾರು ಅರ್ಧ ಗಂಟೆ ಯಾರೋ ನುಂಗಿದ್ದಾರೆ ಎಂದರ್ಥ.

ಇಲ್ಲೊಂದು ಸೂಕ್ಷ್ಮ ಇದೆ. ಪಾಲ್ ಡಿಸ್ಕಿನಲ್ಲಿ 24 ಫ್ರೇಮಿನ ಚಿತ್ರವನ್ನು ಸೆಕೆಂಡಿಗೆ 25ರಂತೆ ಓಡಿಸುತ್ತಾರೆ. ಹಾಗಾಗಿ ಆ 146 ನಿಮಿಷ ಏನೂ ಕತ್ತರಿಸದೆಯೂ 140 ಆಗುತ್ತದೆ. ಇದು ಗೊತ್ತಿಲ್ಲದೆ ನಾನು ಮೊದಲು ಎರಡು ಒಳ್ಳೆಯ ಡಿಸ್ಕುಗಳನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದೆ. ಆರು ನಿಮಿಷದ ಕೊರತೆಗೆ ಹೆದರಬೇಡಿ, ಇಪ್ಪತ್ತಕ್ಕೆ ಹೆದರಿ.

ಅದೇ ಸರ್ಟಿಫಿಕೇಟಿನಲ್ಲಿ ಒಂದು ತ್ರಿಕೋನ ಬರೆದಿದ್ದರೆ ಸೆನ್ಸಾರಿನವರು ಚಿತ್ರದಲ್ಲಿ ಕೆಲವು ಭಾಗ ತೆಗೆಸಿದ್ದಾರೆ ಎಂದು ತಿಳಿಯಬೇಕು. ಅದು ಬಿಡುಗಡೆಗೆ ಮುಂಚಿನ ಕತ್ತರಿ, ಥಿಯೇಟರಿನಲ್ಲೂ ಜನ ಅದನ್ನು ನೋಡಿರಲಿಲ್ಲ. ಡಿಸ್ಕ್ ಕಂಪನಿಯವರ ಕತ್ತರಿಗೂ ಇದಕ್ಕೂ ಸಂಬಂಧವಿಲ್ಲ.

ಕತ್ತರಿ ಚಿತ್ರವನ್ನು ಎಷ್ಟರ ಮಟ್ಟಿಗೆ ಬದಲಿಸಬಲ್ಲದು ಎನ್ನುವುದಕ್ಕೆ ನಮ್ಮ ರಾಮನಗರದ ಬೆಟ್ಟಗಳಲ್ಲಿ ತೆಗೆದ ‘ಶೋಲೆ’ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1975ರ ಆಗಸ್ಟ್ 15ರಂದು, ತುರ್ತುಪರಿಸ್ಥಿತಿಯ ನಡುವೆ ಬಿಡುಗಡೆಯಾದ ಚಿತ್ರದಲ್ಲಿ ಠಾಕೂರನ ಕಾಲಡಿಯಿಂದ ಗಬ್ಬರನನ್ನು ಪೊಲೀಸರು ಬಿಡಿಸಿಕೊಂಡು ಹೋಗುತ್ತಾರೆ. ಮೊದಲು ತೆಗೆದದ್ದು ಹಾಗಲ್ಲ. ಠಾಕೂರ್ ಅವನನ್ನು ಕೊಂದೇಬಿಡುತ್ತಾನೆ. ಸೆನ್ಸಾರಿನ ಒತ್ತಡಕ್ಕೆ ಕೊನೆಯನ್ನು ಮತ್ತೆ ಚಿತ್ರೀಕರಿಸಿದರು. ಮೂಲ ಅಂತ್ಯವಿರುವ, 4ಕೆಯಲ್ಲಿ ಸರಿಪಡಿಸಿದ ಪ್ರತಿ 2025ರಲ್ಲಿ ಇಟಲಿಯ ಬೊಲೊನಾದಲ್ಲಿ ಪರದೆ ಕಂಡಿತು. ಎರಡು ಅಂತ್ಯ ಎಂದರೆ ಎರಡು ಬೇರೆ ಕತೆ. ನನ್ನ ಕಪಾಟಿನಲ್ಲಿ ಎರಡಕ್ಕೂ ಜಾಗ ಇಟ್ಟಿದ್ದೇನೆ.

ಬಣ್ಣವೂ ಬದಲಾಗುತ್ತದೆ. ‘ದಿ ಫ್ರೆಂಚ್ ಕನೆಕ್ಷನ್’ (1971) 2009ರಲ್ಲಿ ಬ್ಲೂ-ರೇಗೆ ಬಂದಾಗ ನಿರ್ದೇಶಕ ಫ್ರೀಡ್ಕಿನ್ ಬಣ್ಣವನ್ನೇ ತಿರುಚಿಸಿದ್ದರು. 2012ರಲ್ಲಿ ಸರಿಯಾದ ಬಣ್ಣದ ಡಿಸ್ಕ್ ಬಂತು. ಇಂಥದನ್ನು ಕೊಳ್ಳುವಾಗ ಕವರಿನ ಹಿಂದಿನ ವರ್ಷ ನೋಡಲೇಬೇಕು. ‘ಹೈ ಆ್ಯಂಡ್ ಲೋ’ ಕಪ್ಪು–ಬಿಳುಪು ಚಿತ್ರ, ಆದರೆ ಅದರಲ್ಲಿ ಒಂದು ಕಡೆ ಚಿಮಣಿಯಿಂದ ಗುಲಾಬಿ ಹೊಗೆ ಏಳುತ್ತದೆ. ಇಡೀ ತನಿಖೆ ತಿರುಗುವ ಕ್ಷಣ ಅದು. ನಿಮ್ಮ ಪ್ರತಿಯಲ್ಲಿ ಹೊಗೆ ಬೂದು ಬಣ್ಣದ್ದಾಗಿದ್ದರೆ ಆ ಪ್ರತಿ ಬೇಡ.

ಚೌಕಟ್ಟನ್ನು ನೋಡಿ. ಸ್ಕೋಪ್ ಚಿತ್ರ ಅಗಲ ಟಿವಿಯಲ್ಲಿ ಬಂದಾಗ ಮೇಲೆ ಕೆಳಗೆ ಕಪ್ಪು ಪಟ್ಟಿ ಇರಲೇಬೇಕು. ‘ಜೇಡರ ಬಲೆ’ಯಂಥ ಹಳೆಯ ಚೌಕ ಚಿತ್ರಕ್ಕೆ ಎಡಬಲದಲ್ಲಿ ಪಟ್ಟಿ ಇರಬೇಕು. ಪಟ್ಟಿ ಇಲ್ಲದೆ ಪರದೆ ತುಂಬಿದ್ದರೆ ರಾಜಣ್ಣನ ಹಣೆಯೋ ಗಲ್ಲವೋ ಹೋಗಿದೆ, ಇಲ್ಲವೇ ಮುಖ ಅಗಲವಾಗಿದೆ.

ಭಾಷೆಯ ವಿಷಯ ಚಿಕ್ಕದು: ಮೂಲ ಭಾಷೆಯ ಧ್ವನಿ ಇರುವುದನ್ನೇ ತೆಗೆದುಕೊಳ್ಳಿ. ಹೊರನಾಡಿನಲ್ಲಿ ಹುಟ್ಟಿದ ಮಕ್ಕಳಿರುವ ಮನೆಗೆ ಸಬ್‌ಟೈಟಲ್ ಮುಖ್ಯ. ಅದು ಬೇಕಾದಾಗ ತೆಗೆಯುವ ಹಾಗಿರಲಿ, ಚಿತ್ರಕ್ಕೇ ಅಚ್ಚೊತ್ತಿದ್ದಲ್ಲ.

ನಾಲ್ಕನೆಯದು: ಕೈಯಲ್ಲಿ ಹಿಡಿದು ನೋಡುವುದು

ಸಂತೆಯಲ್ಲಿ ಹಳೆ ಡಿಸ್ಕ್ ಸಿಕ್ಕಾಗ ಅಂಚು ಹಿಡಿದು ಟ್ಯೂಬ್‌ಲೈಟಿನ ಕಡೆ ಎತ್ತಿ. ಬೆಳಕು ಸೂಜಿಮೊನೆಯಂತೆ ಅಲ್ಲಲ್ಲಿ ತೂರಿಬಂದರೆ ಒಳಗಿನ ಅಲ್ಯುಮಿನಿಯಂ ಪದರ ಉದುರುತ್ತಿದೆ. ಅದಕ್ಕೆ ಮದ್ದಿಲ್ಲ, ವಾಪಸು ಇಡಿ. ಕೆಳಗಿನ ಮೈ ಬೆಳ್ಳಿಯ ಬಣ್ಣ ಇದ್ದರೆ ಕಾರ್ಖಾನೆಯಲ್ಲಿ ಅಚ್ಚಾದ ಡಿಸ್ಕ್. ನೇರಳೆಯೋ ಹಸಿರೋ ಹೊಳೆದರೆ ಯಾರೋ ಮನೆಯಲ್ಲಿ ಬರೆದ ಪ್ರತಿ. ಗೀರು ಕೇಂದ್ರದಿಂದ ಅಂಚಿಗೆ ನೇರವಾಗಿದ್ದರೆ ಸಾಮಾನ್ಯವಾಗಿ ಓಡುತ್ತದೆ. ಸುತ್ತಲೂ ವೃತ್ತವಾಗಿ ಬಿದ್ದ ಗೀರು ಕೆಟ್ಟದ್ದು. ಒರೆಸುವಾಗಲೂ ಅದಕ್ಕೇ ನಡುವಿನಿಂದ ಹೊರಕ್ಕೆ ನೇರವಾಗಿ, ಮೆತ್ತನೆ ಹತ್ತಿಬಟ್ಟೆಯಲ್ಲಿ ಒರೆಸಬೇಕು. ಪಂಚೆಯ ಚುಂಗಿನಲ್ಲಿ ಉಜ್ಜುವ ಅಭ್ಯಾಸ ಬಿಡಿ.

ವಿಸಿಡಿಯಾದರೆ ಡಬ್ಬ ತೆರೆದು ಎರಡೋ ಮೂರೋ ಡಿಸ್ಕಿನ ಹೆಸರನ್ನೂ ಓದಿ. ಒಮ್ಮೆ ಒಂದು ಊರಿನ ಅಂಗಡಿಯಲ್ಲಿ ಕೊಂಡ ಪೊಲೀಸ್ ಚಿತ್ರದ ಎರಡನೇ ಡಿಸ್ಕ್ ಬೇರಾವುದೋ ಭಕ್ತಿ ಚಿತ್ರದ್ದಾಗಿತ್ತು. ಕೊಲೆಗಾರ ಯಾರೆಂದು ತಿಳಿಯಲು ನಾನು ಮೂರು ವರ್ಷ ಕಾಯಬೇಕಾಯಿತು.

ಐದನೆಯದು: ನಕಲು ತೆಗೆದಿಡುವುದು

2007–09ರ ಸುಮಾರಿಗೆ ನಾನು ನೂರಾರು ವಿಸಿಡಿಗಳನ್ನು ಖಾಲಿ ಡಿವಿಡಿಗಳಿಗೆ ಬರೆದು, ಮೂಲವನ್ನು ನೆಂಟರಿಷ್ಟರಿಗೆ ಹಂಚಿದ್ದೆ. ಹತ್ತು ವರ್ಷದ ಮೇಲೆ ಆ ಪೆಟ್ಟಿಗೆ ತೆರೆದಾಗ ಹೆಚ್ಚುಕಡಿಮೆ ಅರ್ಧ ಓದಲೇ ಇಲ್ಲ. ಮನೆಯಲ್ಲಿ ಬರೆಯುವ ಡಿಸ್ಕಿನಲ್ಲಿ ಮಾಹಿತಿ ನಿಲ್ಲುವುದು ಒಂದು ಸಾವಯವ ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ ಅದನ್ನು ತಿನ್ನುತ್ತದೆ. ಅವತ್ತಿನ ಸಂಕಟ ಇಂದಿಗೂ ಹೋಗಿಲ್ಲ. ನಕಲು ಎಷ್ಟೇ ಇದ್ದರೂ ಮೂಲ ಡಿಸ್ಕನ್ನು ಕೊಡಬೇಡಿ.

ವಿಸಿಡಿಗೆ ಬೀಗವಿಲ್ಲ. ಕಂಪ್ಯೂಟರಿಗೆ ಹಾಕಿ ತೆರೆದರೆ ‘ಎಂಪೆಗ್‌ಎವಿ’ ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗೆ ‘ಡ್ಯಾಟ್’ ಎಂದು ಕೊನೆಯಾಗುವ ಒಂದು ದೊಡ್ಡ ಫೈಲು ಇರುತ್ತದೆ, ಚಿತ್ರ ಅದೇ. ಹಾರ್ಡ್‌ಡಿಸ್ಕಿಗೆ ಎಳೆದುಕೊಳ್ಳಿ, ವಿಎಲ್‌ಸಿ ಪ್ಲೇಯರಿನಲ್ಲಿ ಓಡುತ್ತದೆ. ಚಿಕ್ಕದಾಗಲಿ ಎಂದು ಮತ್ತೊಂದು ರೂಪಕ್ಕೆ ಬದಲಾಯಿಸಬೇಡಿ. ಇರುವುದೇ ಒಂದು ಲಕ್ಷ ಚುಕ್ಕೆ, ಅದನ್ನೂ ಹಿಂಡಿದರೆ ಉಳಿಯುವುದು ಏನೂ ಇಲ್ಲ. ಡಿವಿಡಿ, ಬ್ಲೂ-ರೇಗಳ ಡಿಜಿಟಲ್ ಬೀಗದ ಕತೆ ಬೇರೆ. ಅದನ್ನು ಮುರಿಯುವುದರ ಬಗ್ಗೆ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿದೆ. ತುಂಬಾ ಬೇಕಾದ ಚಿತ್ರವಾದರೆ ಸಿಕ್ಕಾಗ ಎರಡು ಡಿಸ್ಕ್ ಕೊಂಡಿಡುವುದು ನನ್ನ ಪದ್ಧತಿ.

ಹಾರ್ಡ್‌ಡಿಸ್ಕ್ ಎರಡಿರಲಿ. ಒಂದು ಮನೆಯಲ್ಲಿ, ಇನ್ನೊಂದು ತಮ್ಮನ ಮನೆಯಲ್ಲೋ ಊರಿನಲ್ಲೋ.

ಆರನೆಯದು: ಇಡುವ ಜಾಗ

ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್ ಪರೀಕ್ಷೆಯ ಕಾಲ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಡಿಸ್ಕನ್ನು ಪುಸ್ತಕದಂತೆ ನಿಲ್ಲಿಸಿಡಿ. ಪ್ಲಾಸ್ಟಿಕ್ ತೋಳುಗಳ ಆಲ್ಬಮ್ಮಿಗೆ ತುಂಬಿದರೆ ಸೆಕೆಗೆ ಅಂಟಿಕೊಳ್ಳುತ್ತವೆ. ಸಿಲಿಕಾ ಜೆಲ್ ಚೀಲಗಳನ್ನು ಹಾಕಿ, ತೇವ ಹೀರಿದ ಮೇಲೆ ಬದಲಾಯಿಸಿ. ಡಿಸ್ಕಿನ ಮೇಲೆ ಕಾಗದದ ಚೀಟಿ ಅಂಟಿಸಬೇಡಿ, ತಿರುಗುವಾಗ ತೂಕ ತಪ್ಪಿ ಅಲುಗುತ್ತದೆ.

ಏಳನೆಯದು: ಪುಸ್ತಕ ಮತ್ತು ಪರದೆ

ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಪ್ರತಿ ಚಿತ್ರಕ್ಕೂ ಒಂದು ಸಾಲು ಬರೆಯುತ್ತ ಬನ್ನಿ: ಸಂಖ್ಯೆ, ಹೆಸರು, ವರ್ಷ, ನಿರ್ದೇಶಕರು, ಸರ್ಟಿಫಿಕೇಟಿನ ಮೀಟರು, ಡಿಸ್ಕಿನ ನಿಮಿಷ, ಚೌಕಟ್ಟು, ಕೊಂಡ ಜಾಗ, ಎರವಲು ಕೊಟ್ಟಿದ್ದರೆ ಯಾರಿಗೆ, ಯಾವಾಗ. ವರ್ಷವನ್ನು ಬಿಡಬೇಡಿ. ‘ಪೊಲೀಸ್ ಸ್ಟೋರಿ’ ಎಂದಷ್ಟೇ ಬರೆದರೆ ಜಾಕಿ ಚಾನ್ ಅವರ 1985ರದ್ದೋ, ಥ್ರಿಲ್ಲರ್ ಮಂಜು ನಿರ್ದೇಶಿಸಿ ಸಾಯಿಕುಮಾರ್ ಗುಡುಗಿದ 1996ರ ಕನ್ನಡದ್ದೋ? ನನ್ನ ಮನೆಯಲ್ಲಿ ಎರಡೂ ಇವೆ, ಎರಡೂ ಬೇಕು.

ಇನ್ನು ಟಿವಿ. ಹೊಸ ಟಿವಿಗಳು ಚಲನೆಯನ್ನು ‘ನುಣುಪು’ ಮಾಡಲು ಇಲ್ಲದ ಫ್ರೇಮುಗಳನ್ನು ತಾವೇ ಹುಟ್ಟಿಸಿ ಸೇರಿಸುತ್ತವೆ. ಹೊಡೆದಾಟಗಳು ಧಾರಾವಾಹಿಯಂತೆ ಕಾಣುವುದು ಇದರಿಂದಲೇ. ಸೆಟ್ಟಿಂಗಿಗೆ ಹೋಗಿ ಆ ಸೌಲಭ್ಯ ಆಫ್ ಮಾಡಿ, ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನು ಹಾಕಿ, ಜೂಮ್ ತೆಗೆಯಿರಿ. ಸದ್ದಿಗೆ ನಾನು ಬಳಸುವ ಪರೀಕ್ಷೆ ‘ಹೀಟ್’ ಚಿತ್ರದ ಬ್ಯಾಂಕಿನ ಹೊರಗಿನ ಗುಂಡಿನ ಕಾಳಗ. ಅಲ್ಲಿ ಬೀದಿಯಲ್ಲೇ ದಾಖಲಿಸಿದ ಸದ್ದನ್ನು ಉಳಿಸಿಕೊಂಡಿದ್ದಾರೆ. ಪ್ರತಿ ಗುಂಡೂ ಲಾಸ್ ಏಂಜಲೀಸಿನ ಎತ್ತರದ ಕಟ್ಟಡಗಳಿಗೆ ಬಡಿದು ವಾಪಸು ಬರುವುದು ಕೇಳಬೇಕು. ಕೇಳದಿದ್ದರೆ ಟಿವಿಯ ಸ್ಪೀಕರನ್ನು ನೆಚ್ಚಿಕೊಳ್ಳಬೇಡಿ, ಎರಡು ಒಳ್ಳೆಯ ಸ್ಪೀಕರಿಗೆ ಖರ್ಚು ಮಾಡಿ. ಮಕ್ಕಳಿರುವ ಮನೆಯಲ್ಲಿ ‘ಎ’ ಚಿತ್ರಗಳು ಮೇಲಿನ ಅರೆಯಲ್ಲಿರಲಿ. ಹೊಸ ಚಿತ್ರಗಳಿಗೆ ಈಗ 7, 13, 16 ವರ್ಷ ಎಂದು ‘ಯುಎ’ ಸರ್ಟಿಫಿಕೇಟಿನಲ್ಲೇ ವಯಸ್ಸು ಬರೆದಿರುವುದರಿಂದ ಆಯ್ಕೆ ಸುಲಭ.

ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಪ್ಲೇಯರಿಗೂ ಹಾರ್ಡ್‌ಡಿಸ್ಕಿಗೂ ಕುಂಕುಮ ಬೀಳುತ್ತದೆ. ಅಂದಿನಿಂದ ದೀಪಾವಳಿಯವರೆಗೆ ದಿನಕ್ಕೆ ಹದಿನೈದು ಇಪ್ಪತ್ತು ಡಿಸ್ಕಿನಂತೆ ಎಲ್ಲವನ್ನೂ ಹೊರತೆಗೆದು, ಆರಂಭದಲ್ಲಿ, ನಡುವಿನಲ್ಲಿ, ಕೊನೆಯಲ್ಲಿ ಎರಡೆರಡು ನಿಮಿಷ ಓಡಿಸಿ ನೋಡುತ್ತೇನೆ. ಕೊನೆಯದನ್ನು ತಪ್ಪಿಸಬೇಡಿ. ವಿಸಿಡಿ, ಒಂದೇ ಪದರದ ಡಿವಿಡಿ ಓಡುವುದು ಒಳಗಿನಿಂದ ಹೊರಕ್ಕೆ. ಕೈ ತಾಗಿ, ತೇವ ತಾಗಿ ಹಾಳಾಗುವುದು ಹೊರ ಅಂಚೇ, ಕ್ಲೈಮ್ಯಾಕ್ಸ್ ಫೈಟು ಇರುವುದೂ ಸಾಮಾನ್ಯವಾಗಿ ಅಲ್ಲೇ. ಮುಗ್ಗರಿಸಿದ ಡಿಸ್ಕಿನ ಸಂಖ್ಯೆಗೆ ನೋಟ್‌ಬುಕ್ಕಿನಲ್ಲಿ ಕೆಂಪು ಚುಕ್ಕೆ ಇಟ್ಟು, ಮುಂದಿನ ಭಾನುವಾರದ ಸಂತೆಗೆ ಆ ಚೀಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ.